ಮಾಘದ ಗಾಳಿ, ಒಣಗಿದ ಹುಲ್ಲು: ಬೆಂಗಳೂರು ಗ್ರಾಮಾಂತರದ ಬೆಟ್ಟಗಳಲ್ಲಿ ಬೆಂಕಿಯ ಕಾಲ

2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರದ ಸಾವಿರಾರು ಹೆಕ್ಟೇರ್ ಕಾಡು ಉರಿದು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಅದೇ ವಾರ, ಫೆಬ್ರವರಿ 23ರಂದು, ಯಲಹಂಕದ ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆ ಬಯಲಿನಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಗಾಳಿಗೆ ಹಬ್ಬಿ ಸುಮಾರು 300 ಕಾರುಗಳನ್ನು ಸುಟ್ಟಿತು. ಮೊದಲನೆಯದನ್ನು ಕಾಡ್ಗಿಚ್ಚು ಎಂದೆವು, ಎರಡನೆಯದನ್ನು ಅವಘಡ ಎಂದೆವು. ಯಲಹಂಕದಿಂದ ಉತ್ತರಕ್ಕೆ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಗೋಮಾಳಗಳಲ್ಲಿ ನಿಂತಿರುವುದೂ ಇಂಥದೇ ಹುಲ್ಲು. ಈ ಜಿಲ್ಲೆಯ ಅಪಾಯವನ್ನು ಅಳೆಯಬೇಕಾದದ್ದು ಬಿಸಿಲಿನಿಂದಲ್ಲ, ಹುಲ್ಲಿನ ಒಣಗುವಿಕೆ ಮತ್ತು ಗಾಳಿಯಿಂದ ಎಂಬುದು ನನ್ನ ವಾದ.

ಹಿಂಗಾರು ಡಿಸೆಂಬರ್‌ಗೆ ಮುಗಿಯುತ್ತದೆ. ಬೆಂಗಳೂರಿನ ಫೆಬ್ರವರಿ ಮಳೆಯ ಸರಾಸರಿ 10 ಮಿ.ಮೀ. ಕೂಡ ಇಲ್ಲ; ಏಪ್ರಿಲ್‌ನದು 40 ಮಿ.ಮೀ. ಮೀರುತ್ತದೆ. ಹಾಗಾಗಿ ಸೆಕೆ ಹೆಚ್ಚಿದ್ದರೂ ಏಪ್ರಿಲ್‌ನಲ್ಲಿ ಒಂದೆರಡು ಹದ ಮಳೆ ಬಿದ್ದು ನೆಲ ನೆನೆದಿರುತ್ತದೆ. ಮಾಘದಲ್ಲಿ ಆ ರಕ್ಷಣೆ ಇಲ್ಲ. ಮಾಕಳಿದುರ್ಗದ ಬುಡದಲ್ಲಿ ಬೆಳಗ್ಗೆ ಒಂದು ಹಿಡಿ ಹುಲ್ಲು ಹಿಸುಕಿ ನೋಡಿ: ಇಬ್ಬನಿಗೆ ಮೆತ್ತಗಾಗಿ ಬಾಗುತ್ತದೆ. ಮಧ್ಯಾಹ್ನ ಅದೇ ಬುಡದ ಕಡ್ಡಿ ಬೆರಳ ನಡುವೆ ಪುಡಿಯಾಗುತ್ತದೆ. ಸತ್ತ ಹುಲ್ಲು ಗಾಳಿಯ ತೇವಕ್ಕೆ ಒಂದೆರಡು ಗಂಟೆಯಲ್ಲೇ ಹೊಂದಿಕೊಳ್ಳುವುದರಿಂದ ಬೆಳಗಿನ ತಂಪನ್ನು ನಂಬುವಂತಿಲ್ಲ. ಹೊತ್ತೇರಿದ ಮೇಲೆ ಮೂಡಣ ಗಾಳಿಯೂ ಬಿರುಸಾಗುತ್ತದೆ.

ಇನ್ನೊಂದು ಅಂಶ ಇಳಿಜಾರು. ಏರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಮೇಲೇರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಆಸ್ಟ್ರೇಲಿಯದ ಅಗ್ನಿತಜ್ಞರು ಕಂಡುಕೊಂಡ ಸ್ಥೂಲ ಲೆಕ್ಕ. ಶಿವಗಂಗೆಯಂಥ ಬಂಡೆಬೆಟ್ಟದಲ್ಲಿ ಬರಿಬಂಡೆ ಬೆಂಕಿಯನ್ನು ತಡೆಯುತ್ತದೆ ನಿಜ. ಆದರೆ ಬಂಡೆಗಳ ನಡುವಿನ, ಬಂದರೆ ಗಿಡ, ಲಂಟಾನ ತುಂಬಿದ ಕೊರಕಲುಗಳು ಹೊಗೆಗೂಡಿನಂತೆ ಬೆಂಕಿಯನ್ನು ಮೇಲಕ್ಕೆಳೆಯುತ್ತವೆ. ಮೂಡಣ ಮಗ್ಗುಲಿನ ಬುಡದಲ್ಲಿ ಕಿಡಿ ಬಿದ್ದರೆ ಗಾಳಿ, ಏರು ಎರಡೂ ಒಂದೇ ದಿಕ್ಕಿಗೆ ನೂಕುತ್ತವೆ. ತಪ್ಪಲಿನ ನೀಲಗಿರಿ ತೋಪುಗಳ ಎಣ್ಣೆಯಂಶದ ತರಗು ಇದಕ್ಕೆ ಮತ್ತಷ್ಟು ಉರುವಲು ಒದಗಿಸುತ್ತದೆ. ಸರ್ಕಾರ 2017ರಲ್ಲಿ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ಚರ್ಚೆಯಲ್ಲಿ ಅಂತರ್ಜಲಕ್ಕೆ ಸಿಕ್ಕ ಗಮನ ಬೆಂಕಿಗೆ ಸಿಗಲಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಇಷ್ಟಾಗಿಯೂ ಈ ಬೆಂಕಿಗಳು ದಾಖಲೆಗೆ ಸಿಗುವುದು ಕಷ್ಟ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಎಚ್ಚರಿಕೆಗಳಿಗೆ ಆಧಾರವಾದ ವಿಐಐಆರ್‌ಎಸ್ ಸಂವೇದಕದ ಒಂದು ಚುಕ್ಕಿ 375 ಮೀಟರ್ ಅಗಲದ್ದು. ಅದನ್ನು ಹೊತ್ತ ಉಪಗ್ರಹ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಒಂದೂವರೆಯ ಆಸುಪಾಸಿನಲ್ಲಿ. ಸಂಜೆ 4ಕ್ಕೆ ಹತ್ತಿ, ಊರಿನವರು ಹಸಿ ಸೊಪ್ಪಿನಲ್ಲಿ ಬಡಿದು 8ಕ್ಕೆ ಆರಿಸಿದ ಬೆಂಕಿ ಅದರ ಕಣ್ಣಿಗೆ ಬೀಳುವುದಿಲ್ಲ. ಸುಟ್ಟ ಬುಡಗಳಲ್ಲಿ ಕೆಲವೇ ದಿನಕ್ಕೆ ಹಸಿರು ಮೊಳೆಯುತ್ತದೆ. ಆ ಎಳೆ ಹುಲ್ಲಿಗಾಗಿ ಬೆಂಕಿ ಹಾಕುವ ದನಗಾಹಿಯನ್ನು ಮಾತ್ರ ದೂರುವುದು ಅನ್ಯಾಯ; ರಸ್ತೆಬದಿಯ ಕಸಕ್ಕೆ ಕಡ್ಡಿ ಗೀರುವವರು, ಬೀಡಿ ಎಸೆದು ಹೋಗುವವರು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಅರಣ್ಯದ ಗಡಿಯಲ್ಲಿ ಬೆಂಕಿ ರೇಖೆ ಬಿದ್ದಿದ್ದರೂ ಗೋಮಾಳದ ಹುಲ್ಲು ಹಾಗೇ ನಿಂತಿರುತ್ತದೆ, ಏಕೆಂದರೆ ಅದು ಕಂದಾಯ ಭೂಮಿ. ಸಂಕ್ರಾಂತಿಯೊಳಗೆ ಆ ಹುಲ್ಲನ್ನು ಕೊಯ್ದು ಮೇವಾಗಿ ಹೊರಲು ಊರಿನವರಿಗೆ ಬಿಟ್ಟುಕೊಡುವುದು, ರಸ್ತೆ ಅಂಚುಗಳನ್ನು ಪಂಚಾಯಿತಿಯಿಂದಲೇ ಸವರಿಸುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಶಿವರಾತ್ರಿಯ ನಂತರ ಶುರುಮಾಡಿದರೆ ಕೊಯ್ಯಲು ಹುಲ್ಲೇ ಉಳಿದಿರುವುದಿಲ್ಲ.