ಬ್ರಾಂದಿ ಅಂಗಡಿಯಲ್ಲಿ ವಿಸ್ಕಿ

ಹುಣಸೂರು ತಾಲ್ಲೂಕಿನ ಗಾವಡಗೆರೆಯಲ್ಲಾಗಲಿ, ಪಕ್ಕದ ಪಿರಿಯಾಪಟ್ಟಣ, ಕೃಷ್ಣರಾಜನಗರ ಸೀಮೆಯ ಹಳ್ಳಿಗಳಲ್ಲಾಗಲಿ ಮದ್ಯದಂಗಡಿಗೆ ಜನರ ಬಾಯಲ್ಲಿರುವ ಹೆಸರು ಬ್ರಾಂದಿ ಅಂಗಡಿ. ಬೋರ್ಡಿನ ಮೇಲೆ ‘ವೈನ್ಸ್’ ಎಂದು ಬರೆದಿದ್ದರೂ ಹೆಸರು ಅದೇ. ಆದರೆ ಒಳಗಿನ ಹಲಗೆಗಳ ಮೇಲೆ ಕಣ್ಣಾಡಿಸಿದರೆ ಕಾಣುವುದು ಹೆಚ್ಚಾಗಿ ವಿಸ್ಕಿ. ಅಂಗಡಿಯ ಹೆಸರು ಒಂದು, ಸರಕು ಇನ್ನೊಂದು. ಹೀಗೇಕಾಯಿತು ಎಂದು ಹುಡುಕುತ್ತ ಹೋದರೆ ಕುಡಿಯುವವರ ರುಚಿ ಹೇಗೆ ಹುಟ್ಟುತ್ತದೆ, ಹೇಗೆ ಬದಲಾಗುತ್ತದೆ ಎಂಬ ದೊಡ್ಡ ಕಥೆಯೇ ತೆರೆದುಕೊಳ್ಳುತ್ತದೆ.

ರುಚಿ ಅವರವರ ನಾಲಗೆಗೆ ಬಿಟ್ಟದ್ದು ಎಂಬುದು ಸಾಮಾನ್ಯ ನಂಬಿಕೆ. ಒಬ್ಬರಿಗೆ ಹೊಗೆಯ ವಾಸನೆಯ ಸ್ಕಾಚ್ ಬೇಕು, ಇನ್ನೊಬ್ಬರಿಗೆ ಸೋಡಾ ಬೆರೆಯದಿದ್ದರೆ ಗಂಟಲಿಗಿಳಿಯದು, ಮತ್ತೊಬ್ಬರಿಗೆ ನೀರು ಸೋಕಿದರೂ ಕೆಟ್ಟಿತು. ಆದರೆ ಮದ್ಯದ ಚರಿತ್ರೆಯನ್ನು ನೋಡಿದರೆ ನಾಲಗೆಗೆ ಇರುವ ಸ್ವಾತಂತ್ರ್ಯ ತೀರ ಕಡಿಮೆ. ದೊರೆಯ ಆಜ್ಞೆ, ಸರ್ಕಾರದ ತೆರಿಗೆ, ಗದ್ದೆಯ ಬೆಳೆ, ಊರಿನ ಹವೆ, ಎಲ್ಲಕ್ಕಿಂತ ಹೆಚ್ಚಾಗಿ ಜೇಬಿನ ಕಾಸು, ಇವೆಲ್ಲ ಸೇರಿ ತೀರ್ಮಾನಿಸಿದ್ದನ್ನು ನಾಲಗೆ ಆಮೇಲೆ ತನ್ನ ಇಷ್ಟವೆಂದು ಒಪ್ಪಿಕೊಳ್ಳುತ್ತದೆ.

ಹೆಂಡದಿಂದ ಬ್ರಾಂದಿಗೆ

ಕನ್ನಡ ನಾಡಿಗೆ ಮದ್ಯ ಹೊಸದಲ್ಲ. ಹತ್ತನೆಯ ಶತಮಾನದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ವು ಮದಿರಾಪಾನವನ್ನು ಅರಸನ ಕ್ರೀಡೆಗಳ ಸಾಲಿಗೇ ಸೇರಿಸುತ್ತದೆ. ಅದೇ ಶತಮಾನದ ಶರಣರ ನಡುವೆ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನೂ ಇದ್ದ. ಅರಮನೆಯಲ್ಲಿ ಮದಿರೆ, ಹಳ್ಳಿಯಲ್ಲಿ ಹೆಂಡ ಎಂಬ ಭೇದ ಆಗಲೇ ಇತ್ತು.

ಹಳೆಯ ಮೈಸೂರು ಸೀಮೆಯಲ್ಲಿ ಹೆಂಡವೆಂದರೆ ಮುಖ್ಯವಾಗಿ ಈಚಲು ಮರದ್ದು. ಬೆಳಿಗ್ಗೆ ಇಳಿಸಿದ್ದು ಸಂಜೆಗೆ ಹುಳಿ ಬರುತ್ತದೆ, ಮರುದಿನಕ್ಕೆ ಉಳಿಯದು. ಹಾಗಾಗಿ ಹೆಂಡದ ರುಚಿ ಊರಿಗೆ ಕಟ್ಟುಬಿದ್ದ ರುಚಿ. ಯಾವ ತೋಪಿನದು, ಯಾವ ಹೊತ್ತಿನದು, ಇಳಿಸಿದವನ ಕೈ ಯಾವುದು ಎಂಬುದನ್ನು ಕುಡಿಯುವವರು ಬಲ್ಲವರಾಗಿದ್ದರು. ಟಿಪ್ಪು ಸುಲ್ತಾನ ತನ್ನ ರಾಜ್ಯದಲ್ಲಿ ಪಾನನಿರೋಧದ ಆಜ್ಞೆ ಹೊರಡಿಸಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಬಕಾರಿ ಮತ್ತೆ ಸರ್ಕಾರದ ಆದಾಯದ ದೊಡ್ಡ ಬಾಬುಗಳಲ್ಲಿ ಒಂದಾಯಿತು.

ಅದೇ ಕಾಲಕ್ಕೆ ಹುಣಸೂರು ಇಂಗ್ಲಿಷರ ದಂಡಿಗೆ ಸರಕು ಒದಗಿಸುವ ಊರಾಯಿತು. ಅಮೃತ ಮಹಲ್ ರಾಸುಗಳ ಕೇಂದ್ರ, ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ ಇಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ಆ ಬಿಳಿಯ ಅಧಿಕಾರಿಗಳ ಮೆಚ್ಚಿನ ಪಾನೀಯ ವಿಸ್ಕಿಯಲ್ಲ, ಬ್ರಾಂದಿ. ‘ಬ್ರಾಂದಿ ಪಾನಿ’ ಎಂಬ ಮಾತು ಆಂಗ್ಲೋ-ಇಂಡಿಯನ್ ಬದುಕಿನ ಗುರುತೇ ಆಗಿತ್ತು. ಬ್ರಾಂದಿಗೆ ಔಷಧದ ಮರ್ಯಾದೆಯೂ ಸಿಕ್ಕಿತು. ನೆಗಡಿಗೆ ಒಂದು ಚಮಚ, ಚಳಿಜ್ವರಕ್ಕೆ ಒಂದು ಗುಟುಕು, ಕೆಲವು ಮನೆಗಳಲ್ಲಿ ಬಾಣಂತಿಗೂ ಸ್ವಲ್ಪ. ಹೆಂಡ ಮನೆಯ ಹೊಸ್ತಿಲು ದಾಟದಿದ್ದರೂ ಬ್ರಾಂದಿ ಅಡುಗೆಮನೆಯ ಗೂಡಿನಲ್ಲಿ ಜಾಗ ಪಡೆಯಿತು. ‘ಬ್ರಾಂದಿ ಅಂಗಡಿ’ ಎಂಬ ಹೆಸರು ಗಟ್ಟಿಯಾದದ್ದರ ಹಿನ್ನೆಲೆ ಇದು.

ಬ್ರಾಂದಿಯನ್ನು ಕೆಳಗಿಳಿಸಿದ್ದು ಒಂದು ಹುಳು. 1860ರ ದಶಕದಿಂದಾಚೆಗೆ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿಬಳ್ಳಿಗಳ ಬೇರು ತಿಂದು ತೋಟಗಳನ್ನೇ ಹಾಳುಮಾಡಿತು. ದ್ರಾಕ್ಷಿ ಇಲ್ಲದೆ ಒಳ್ಳೆಯ ಬ್ರಾಂದಿ ಎಲ್ಲಿಯದು? ಆ ತೆರವಿಗೆ ಬಂದು ಕುಳಿತದ್ದು ಸ್ಕಾಟ್ಲೆಂಡಿನ ಮಿಶ್ರ ವಿಸ್ಕಿ. 1830ರಲ್ಲಿ ಈನಿಯಸ್ ಕಾಫಿ ಎಂಬಾತ ಹಕ್ಕುಸ್ವಾಮ್ಯ ಪಡೆದಿದ್ದ ಹೊಸ ಬಟ್ಟಿಯಂತ್ರದಿಂದ ಧಾನ್ಯದ ಮದ್ಯ ಅಗ್ಗವಾಗಿ ಸಿಗುತ್ತಿತ್ತು. ಅದಕ್ಕೆ ಕಟುವಾದ ಮಾಲ್ಟ್ ವಿಸ್ಕಿಯನ್ನು ಬೆರೆಸಿ ಹದಗೊಳಿಸಿದಾಗ ಎಲ್ಲರಿಗೂ ಹಿಡಿಸುವ ರುಚಿ ಬಂತು. ಬ್ರಾಂದಿ ಸೋಡಾ ಇದ್ದಲ್ಲಿ ವಿಸ್ಕಿ ಸೋಡಾ ಬಂತು.

ಈ ಬದಲಾವಣೆಗೆ ಬೆಂಗಳೂರಿನ ದಂಡಿನ ಒಬ್ಬ ತರುಣನೇ ಸಾಕ್ಷಿ. 1896ರಲ್ಲಿ ನಾಲ್ಕನೆಯ ಹುಸಾರ್ ದಳದೊಡನೆ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್‌ಗೆ ವಿಸ್ಕಿಯ ರುಚಿ ಹಿಡಿಸುತ್ತಿರಲಿಲ್ಲ. 1897ರಲ್ಲಿ ವಾಯವ್ಯ ಗಡಿಯ ಮಲಕಂಡ್ ಕಾಳಗಕ್ಕೆ ಹೋದಾಗ ಅಲ್ಲಿ ಸಿಗುತ್ತಿದ್ದುದು ಬೆಚ್ಚಗಿನ ನೀರು, ನಿಂಬೆರಸದ ಬೆಚ್ಚಗಿನ ನೀರು, ವಿಸ್ಕಿ ಬೆರೆತ ಬೆಚ್ಚಗಿನ ನೀರು ಇಷ್ಟೇ. ಬೇರೆ ದಾರಿಯಿಲ್ಲದೆ ಮೂರನೆಯದನ್ನು ಅಭ್ಯಾಸ ಮಾಡಿಕೊಂಡೆ ಎಂದು ಆತ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದ. ಬೆಂಗಳೂರು ಕ್ಲಬ್ಬಿನ ಹಳೆಯ ದಫ್ತರದಲ್ಲಿ ಆತನ ಹೆಸರಿನ 13 ರೂಪಾಯಿ ಬಾಕಿ ಇಂದಿಗೂ ಹಾಗೇ ಇದೆ. ಜೀವನವಿಡೀ ವಿಸ್ಕಿಪ್ರಿಯನೆಂದು ಹೆಸರಾದವನ ರುಚಿ ಹುಟ್ಟಿದ್ದು ಕೆಟ್ಟ ನೀರಿನಿಂದ ಎಂಬುದು ಸ್ವಾರಸ್ಯದ ಸಂಗತಿ.

ಕಾಕಂಬಿಯ ವಿಸ್ಕಿ

ದಂಡಿನ ವಿಸ್ಕಿ ಹಳ್ಳಿಗೆ ಬರಲು ಇನ್ನೂ ಬಹುಕಾಲ ಹಿಡಿಯಿತು. ಬಂದಾಗ ಅದು ಬೇರೆಯೇ ವಸ್ತುವಾಗಿತ್ತು. ಕೃಷ್ಣರಾಜಸಾಗರದ ನೀರು ಮಂಡ್ಯದ ಬಯಲಿಗೆ ಹರಿದ ಮೇಲೆ ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದನ್ನು ಹುಳಿಸಿ ಬಟ್ಟಿ ಇಳಿಸಿದರೆ ಮದ್ಯಸಾರ. ಮದ್ಯಸಾರಕ್ಕೆ ನೀರು ಬೆರೆಸಿದರೆ ಸಾರಾಯಿ. ಅದನ್ನೇ ಇನ್ನಷ್ಟು ಶುದ್ಧಗೊಳಿಸಿ ಬಣ್ಣ, ಪರಿಮಳ ಕೂಡಿಸಿದರೆ ಬ್ರಾಂದಿ, ರಮ್ಮು, ವಿಸ್ಕಿ. ಹೀಗೆ ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಅಂಗಿ ತೊಟ್ಟು ಬಂದಂತಾಯಿತು. ಅಬಕಾರಿ ಇಲಾಖೆಯ ಭಾಷೆಯಲ್ಲಿ ಇವುಗಳಿಗೆ ‘ಭಾರತದಲ್ಲಿ ತಯಾರಾದ ವಿದೇಶಿ ಮದ್ಯ’ ಎಂಬ ವಿಚಿತ್ರ ಹೆಸರು.

ಯೂರೋಪಿನ ಕಾನೂನು ಇದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ. ಅಲ್ಲಿಯ ಲೆಕ್ಕದಲ್ಲಿ ವಿಸ್ಕಿ ಧಾನ್ಯದಿಂದಲೇ ಆಗಬೇಕು, ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಮಾಗಬೇಕು. ಭಾರತದ ಸಾಮಾನ್ಯ ವಿಸ್ಕಿಯ ಸೀಸೆಯ ಮೇಲೆ ಮದ್ಯಸಾರದ ಪ್ರಮಾಣ 42.8 ಶೇಕಡಾ ಎಂದು ಅಚ್ಚಾಗಿರುತ್ತದೆ. ಇದು ಬ್ರಿಟಿಷರು ಬಿಟ್ಟುಹೋದ ‘ಪ್ರೂಫ್’ ಅಳತೆಯ ಉಳಿಕೆ. ಸುಮಾರು 57 ಶೇಕಡಾ ಮದ್ಯಸಾರವನ್ನು 100 ಡಿಗ್ರಿ ಎಂದು ಹಿಡಿದು, ಅದರಲ್ಲಿ 75 ಡಿಗ್ರಿ ಮಾರಾಟಕ್ಕೆ ತಕ್ಕದ್ದೆಂದು ನಿಗದಿಯಾದಾಗ ಬಂದ ಅಂಕಿ ಇದು.

ಬೆಂಗಳೂರಿನ ಖೋಡೆ ಸಂಸ್ಥೆ 1968ರಲ್ಲಿ ‘ಪೀಟರ್ ಸ್ಕಾಟ್’ ಎಂಬ ವಿಸ್ಕಿಯನ್ನು ಮಾರುಕಟ್ಟೆಗೆ ತಂದಿತು. ಹೆಸರು ಕೇಳಿದವರು ಸ್ಕಾಟ್ಲೆಂಡಿನ ಮಾಲೆಂದು ಮೋಸಹೋಗುತ್ತಾರೆ ಎಂದು 1986ರಲ್ಲಿ ಸ್ಕಾಚ್ ವಿಸ್ಕಿ ಸಂಘ ತಕರಾರು ಹೂಡಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2008ರ ಮೇ ತಿಂಗಳಲ್ಲಿ ತೀರ್ಪು ಖೋಡೆಯವರ ಪರವಾಯಿತು. ತಕರಾರು ತರಲು ತೀರ ತಡಮಾಡಿದ್ದು ಒಂದು ಕಾರಣ. ಇಂಥ ಮದ್ಯ ಕೊಳ್ಳುವವರು ಓದು ಬಲ್ಲ, ಅನುಕೂಲಸ್ಥ ಜನ, ತಾವು ಕೊಳ್ಳುವುದೇನೆಂದು ತಿಳಿದವರು ಎಂಬುದು ಇನ್ನೊಂದು.

ಆದರೆ ಎಲ್ಲ ಗ್ರಾಹಕರೂ ಆ ಸ್ಥಿತಿಯಲ್ಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಸಾರಾಯಿ ಪ್ಯಾಕೆಟ್ಟಿನಿಂದ ಮನೆ ಕಳೆದುಕೊಂಡ ಹೆಂಗಸರ ಬಹುದಿನದ ಕೂಗು ಅದರ ಹಿಂದಿತ್ತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಸಾರಾಯಿ ಕುಡಿಯುತ್ತಿದ್ದ ಕೂಲಿಯಾಳು ಅಗ್ಗದ ವಿಸ್ಕಿಗೋ ಬ್ರಾಂದಿಗೋ ಬಂದ. ಮುಂದೆ 90 ಮಿಲಿಲೀಟರಿನ ರಟ್ಟಿನ ಪೊಟ್ಟಣ ಅವನ ಕೈಗೆ ಸಿಕ್ಕಿತು. ಅವನು ಕೌಂಟರಿನಲ್ಲಿ ಬೆಲೆ ಹೇಳಿ ಕೇಳುತ್ತಾನೆಯೇ ಹೊರತು ರುಚಿ ಹೇಳಿ ಕೇಳುವುದಿಲ್ಲ. ಹೆಂಡದ ಕಾಲದಲ್ಲಿ ಮರದ ಗುರುತು ಹಿಡಿಯುತ್ತಿದ್ದ ನಾಲಗೆಗೆ ಈಗ ಆಯ್ಕೆ ಉಳಿದಿರುವುದು ದರಪಟ್ಟಿಯಲ್ಲಿ ಮಾತ್ರ. ಅದರಲ್ಲೂ ಹೆಚ್ಚಿನ ಪಾಲು ತೆರಿಗೆ.

ಮೊಳಕೆಯ ಕಾಳು, ದೇವತೆಗಳ ಪಾಲು

ಇದೇ ನಾಡಿನಲ್ಲಿ ಇನ್ನೊಂದು ವಿಸ್ಕಿಯೂ ಹುಟ್ಟಿತು. 1948ರಲ್ಲಿ ಜೆ.ಎನ್. ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಅಮೃತ್ ಡಿಸ್ಟಿಲರೀಸ್ ಆರಂಭಿಸಿದರು. ಎಲ್ಲರಂತೆ ಅವರದೂ ಮೊದಲು ಕಾಕಂಬಿಯ ಮದ್ಯವೇ. ಅವರ ಮಗ ನೀಲಕಂಠರಾವ್ ಜಗದಾಳೆಯವರ ಕಾಲದಲ್ಲಿ ಕಂಪನಿ ಬಾರ್ಲಿಯ ಕಡೆ ತಿರುಗಿತು. ಮೊದಲು ಅದನ್ನು ಮಿಶ್ರ ವಿಸ್ಕಿಗೆ ಬೆರೆಸಲು ಬಳಸಿದರು. ಆಮೇಲೆ ಅದನ್ನೇ ಪ್ರತ್ಯೇಕವಾಗಿ ಸಿಂಗಲ್ ಮಾಲ್ಟ್ ಮಾಡಿ ಮಾರುವ ಯೋಚನೆ ಬಂತು.

ಮಾಲ್ಟ್ ಎಂದರೆ ಏನೆಂದು ರಾಗಿಯ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗುವಿಗೆ ಸರಿ ಮಾಡಲು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುತ್ತಾರಲ್ಲ, ಬಾರ್ಲಿಗೆ ಮಾಡುವುದೂ ಅದೇ. ಮೊಳೆತ ಕಾಳಿನಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ಹುಳಿತು ಮದ್ಯವಾಗುತ್ತದೆ. ಸ್ಕಾಟ್ಲೆಂಡಿನ ಕೆಲವು ಕಡೆ ಮೊಳೆತ ಬಾರ್ಲಿಯನ್ನು ಪೀಟ್ ಎಂಬ ಜೌಗುಮಣ್ಣಿನ ಹೆಂಟೆ ಸುಟ್ಟ ಬೆಂಕಿಯಲ್ಲಿ ಒಣಗಿಸುತ್ತಾರೆ. ಹುಣಸೂರಿನ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಶಾಖ ಕೊಳವೆಯೊಳಗೆ ಹಾದುಹೋಗುವುದರಿಂದ ಎಲೆಗೆ ಹೊಗೆ ತಾಗುವುದಿಲ್ಲ. ಪೀಟಿನ ಗೂಡಿನಲ್ಲಿ ಹೊಗೆ ಕಾಳಿಗೇ ತಾಗಬೇಕು. ಕೆಲವರು ಪ್ರಾಣಬಿಡುವ, ಕೆಲವರು ಆಸ್ಪತ್ರೆಯ ವಾಸನೆಯೆಂದು ಮೂಗು ಮುಚ್ಚುವ ಆ ಹೊಗೆಯ ರುಚಿ ಬರುವುದು ಅಲ್ಲಿಂದ.

ಉಳಿದ ರುಚಿ ಬಹುಪಾಲು ಮರದ್ದು. ಮೈಸೂರು ರಸ್ತೆಯ ಕಂಬಿಪುರದಲ್ಲಿ ಅಮೃತ್ ಕಾರ್ಖಾನೆಯಿದೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಆ ಬೆಚ್ಚನೆಯ ಹವೆಯಲ್ಲಿ ಪೀಪಾಯಿಯೊಳಗಿನ ಮದ್ಯ ಬೇಗ ಮಾಗುತ್ತದೆ, ಬೇಗ ಆರಿಯೂ ಹೋಗುತ್ತದೆ. ಹೀಗೆ ಆವಿಯಾಗಿ ಹೋಗುವುದನ್ನು ಸ್ಕಾಟ್ಲೆಂಡಿನವರು ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ಶೇಕಡಾ 2ರಷ್ಟು. ಇಲ್ಲಿ 10ರಿಂದ 12. ಲೆಕ್ಕ ಹಾಕಿದರೆ 100 ಲೀಟರ್ ತುಂಬಿಟ್ಟಲ್ಲಿ 5 ವರ್ಷಕ್ಕೆ ಸ್ಕಾಟ್ಲೆಂಡಿನಲ್ಲಿ 90 ಲೀಟರ್ ಉಳಿದರೆ ಬೆಂಗಳೂರಿನಲ್ಲಿ ಉಳಿಯುವುದು 56. ಆದಕಾರಣ ಇಲ್ಲಿ 12 ವರ್ಷ, 18 ವರ್ಷದ ವಿಸ್ಕಿಯ ಮಾತೇ ಕಷ್ಟ. 8 ವರ್ಷ ಉಳಿಸಿಕೊಂಡ ಒಂದು ವಿಸ್ಕಿಗೆ 2013ರಲ್ಲಿ ಕಂಪನಿ ‘ಗ್ರೀಡಿ ಏಂಜಲ್ಸ್’, ಅಂದರೆ ದುರಾಸೆಯ ದೇವತೆಗಳು, ಎಂದೇ ಹೆಸರಿಟ್ಟಿತು.

2004ರ ಆಗಸ್ಟ್‌ನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಕೊಲ್ಲನ ಬೀದಿಯಲ್ಲಿ ಸೂಜಿ ಮಾರುವ ಸಾಹಸವದು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಮೊಮ್ಮಗ ರಕ್ಷಿತ್ ಜಗದಾಳೆ ಅಲ್ಲಿಯ ಭಾರತೀಯ ಹೋಟೆಲುಗಳಲ್ಲಿ ಇದನ್ನು ಮಾರಬಹುದೇ ಎಂದು ಪರಿಶೀಲಿಸಿದ್ದರು. ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಭಾರತದ ಬಾರ್ಲಿಯೊಂದಿಗೆ ಸ್ಕಾಟ್ಲೆಂಡಿನ ಹೊಗೆ ಹಿಡಿದ ಬಾರ್ಲಿಯನ್ನು ಕೂಡಿಸಿದ ‘ಫ್ಯೂಷನ್’ ಬಂದ ಮೇಲೆ ಗಾಳಿ ತಿರುಗಿತು. ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಅದಕ್ಕೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿ ಕೂರಿಸಿದರು. ಬೆಂಗಳೂರಿನಲ್ಲಿ ತಯಾರಾದ ವಿಸ್ಕಿಗೆ ಮರ್ಯಾದೆ ಬಂದದ್ದು ಕಡಲು ದಾಟಿ ಹೋದ ಮೇಲೆ.

ನೀರು ಎಷ್ಟು?

ವಿಸ್ಕಿಗೆ ನೀರು ಬೆರೆಸಬೇಕೆ, ಬೇಡವೆ ಎಂಬ ಜಗಳ ಹಳೆಯದು. 2017ರಲ್ಲಿ ಸ್ವೀಡನ್ನಿನ ಇಬ್ಬರು ರಸಾಯನಶಾಸ್ತ್ರಜ್ಞರು ಕಂಪ್ಯೂಟರ್ ಲೆಕ್ಕಾಚಾರದ ಮೂಲಕ ಇದನ್ನು ಪರೀಕ್ಷಿಸಿದರು. ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್ ಎಂಬ ವಸ್ತು ಮದ್ಯಸಾರ ಹೆಚ್ಚಿದ್ದಾಗ ದ್ರವದ ಒಳಗೇ ಹುದುಗಿರುತ್ತದೆ, ನೀರು ಬೆರೆತಾಗ ಮೇಲ್ಪದರಕ್ಕೆ ಬರುತ್ತದೆ ಎಂಬುದು ಅವರು ಕಂಡದ್ದು. ಅಂದರೆ ಸ್ವಲ್ಪ ನೀರು ಪರಿಮಳವನ್ನು ಕೆಡಿಸುವುದಿಲ್ಲ, ಮೂಗಿನ ಹತ್ತಿರಕ್ಕೆ ತರುತ್ತದೆ. ಐಸು ಮಾತ್ರ ಪರಿಮಳವನ್ನು ಅಡಗಿಸುತ್ತದೆ.

ಈ ವಿದ್ಯೆಯೆಲ್ಲ ಪರಿಮಳ ಇರುವ ಮದ್ಯಕ್ಕೆ. ಪೊಟ್ಟಣದ ವಿಸ್ಕಿಗೆ ನೀರು ಬೆರೆಸುವುದು ಉರಿ ತಗ್ಗಲೆಂದು. ನೀರಿಲ್ಲದೆ ‘ರಾ’ ಹೊಡೆಯುವುದು ಬೇಗ ಏರಲೆಂದು. ನೆಂಚಿಕೊಳ್ಳಲು ಉಪ್ಪಿನಕಾಯಿಯೋ ಬೋಟಿಯೋ ಬೇಕಾಗುವುದು ಬಾಯಿಯ ಕಟುವನ್ನು ಮರೆಸಲೆಂದು. ಬೆಂಗಳೂರಿನ ಬಾರಿನಲ್ಲಿ ಸಿಂಗಲ್ ಮಾಲ್ಟನ್ನು ಮೂಗಿನ ಬಳಿ ಹಿಡಿದು ಕೂತವನು ರುಚಿಯನ್ನು ಹುಡುಕುತ್ತಾನೆ, ಹಳ್ಳಿಯ ಅಂಗಡಿಯ ಮುಂದೆ ನಿಂತೇ ಮುಗಿಸುವವನು ರುಚಿಯಿಂದ ತಪ್ಪಿಸಿಕೊಳ್ಳುತ್ತಾನೆ. ಕೈಯಲ್ಲಿರುವ ಲೋಟಕ್ಕೆ ಇಬ್ಬರೂ ಇಟ್ಟ ಹೆಸರು ವಿಸ್ಕಿ.

ಬೆಂಗಳೂರಿನಿಂದ ಮೈಸೂರು, ಹುಣಸೂರು, ಮಡಿಕೇರಿ ಹಾದು ಬಂಟ್ವಾಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರ ಒಂದು ಕೊನೆಯಲ್ಲಿ ಲಂಡನ್ನು, ಪ್ಯಾರಿಸ್ಸುಗಳಿಗೆ ಹೋಗುವ ಅಮೃತ್ ಮಾಗುತ್ತದೆ. ಅದರ ಒಂದು ಬಾಟಲಿಯ ಬೆಲೆ ಹೊಗೆಸೊಪ್ಪಿನ ಬ್ಯಾರನ್ನಿನ ಕೂಲಿಯವನ ಹಲವು ದಿನಗಳ ದುಡಿಮೆ. ಅದೇ ಹೆದ್ದಾರಿಯ ಮೇಲೆ ಕಾಕಂಬಿಯ ವಿಸ್ಕಿಯ ಲಾರಿಗಳು ಹುಣಸೂರಿನ ಕಡೆಗೆ ಬರುತ್ತವೆ. ಗಾವಡಗೆರೆಯವನ ನಾಲಗೆಯಲ್ಲಿ ಯಾವ ಕೊರತೆಯೂ ಇಲ್ಲ. ಅವನ ಹಿರಿಯರು ಹೆಂಡದ ತೋಪು ಗುರುತಿಸುತ್ತಿದ್ದವರು. ಕೊರತೆ ಇರುವುದು ಅವನ ಮುಂದಿನ ಹಲಗೆಯಲ್ಲಿ. ಅಷ್ಟರಮಟ್ಟಿಗೆ ಅಂಗಡಿಯ ಹಳೆಯ ಹೆಸರೇ ಪ್ರಾಮಾಣಿಕವಾದದ್ದು. ಸೀಸೆಯ ಮೇಲಿನ ಚೀಟಿಯನ್ನು ನಂಬದೆ ಜನ ಅದನ್ನು ಇಂದಿಗೂ ಬ್ರಾಂದಿ ಅಂಗಡಿ ಎಂದೇ ಕರೆಯುತ್ತಾರೆ.