ಕೊಸರಿಗೆ ಸಿಕ್ಕ ಆಟ: ಅಮೆರಿಕದ ಸಣ್ಣ ಕಾಲೇಜುಗಳ ಫುಟ್‌ಬಾಲ್ ಮತ್ತು ಟಿ.ವಿ. ಹಕ್ಕು

1939ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನ ರ‍್ಯಾಂಡಲ್ಸ್ ದ್ವೀಪದ ಮೈದಾನದಲ್ಲಿ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದ ಎದುರು ಪೆನ್ಸಿಲ್ವೇನಿಯಾದ ವೇನ್ಸ್‌ಬರ್ಗ್ ಎಂಬ ಪುಟ್ಟ ಕಾಲೇಜು ಆಡಿತು. ಎನ್‌ಬಿಸಿಯ ಪ್ರಾಯೋಗಿಕ ಕೇಂದ್ರ ಆ ಆಟವನ್ನು ಪ್ರಸಾರ ಮಾಡಿತು. ಟಿ.ವಿ.ಯಲ್ಲಿ ಬಂದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಅದೇ. ಫೋರ್ಡ್‌ಹ್ಯಾಮ್ 34–7ರಲ್ಲಿ ಗೆದ್ದಿತು. ಅಂದಿನ ಪ್ರಸಾರ ನ್ಯೂಯಾರ್ಕಿನ ಆಸುಪಾಸು ದಾಟುತ್ತಿರಲಿಲ್ಲವಾದ್ದರಿಂದ ವೇನ್ಸ್‌ಬರ್ಗಿನ ಜನರಿಗೆ ಮಾತ್ರ ತಮ್ಮ ಹುಡುಗರ ಆಟ ಕಾಣಲಿಲ್ಲ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವ ಅಮೆರಿಕದ ಆಟ. ಟಿ.ವಿ.ಗೆ ನಾಂದಿ ಹಾಡಿದ ಆ ಎರಡು ತಂಡಗಳೂ ಇಂದು ಈ ಆಟದ ದೊಡ್ಡ ದುಡ್ಡಿನ ಅಂಗಳದಲ್ಲಿಲ್ಲ. ಫೋರ್ಡ್‌ಹ್ಯಾಮ್ ಮೊದಲ ಡಿವಿಷನ್ನಿನ ಕೆಳಮೆಟ್ಟಿಲಲ್ಲಿದೆ, ವೇನ್ಸ್‌ಬರ್ಗ್ ಮೂರನೆಯ ಡಿವಿಷನ್ನಿನಲ್ಲಿದೆ. ಸಂತೆಯಲ್ಲಿ ಅಳತೆ ಮುಗಿದ ಮೇಲೆ ವ್ಯಾಪಾರಿ ಒಂದು ಹಿಡಿ ಕೊಸರು ಹಾಕುತ್ತಾನಲ್ಲ, ಸಣ್ಣ ಕಾಲೇಜುಗಳ ಪ್ರಸಾರ ಹಕ್ಕಿನ ಇತಿಹಾಸವೂ ಹೆಚ್ಚುಕಡಿಮೆ ಹಾಗೆಯೇ ಇದೆ. ಕೊಸರು ಹಾಕುವ ಕೈ ಬದಲಾಗಿದೆ, ಅಷ್ಟೆ.

ಬೀಗ ಹಾಕಿದ ಶನಿವಾರ

ಟಿ.ವಿ. ಮನೆಮನೆಗೆ ಬಂದಾಗ ಕಾಲೇಜುಗಳಿಗೆ ಮೊದಲು ಹುಟ್ಟಿದ್ದು ಆಸೆಯಲ್ಲ, ಹೆದರಿಕೆ. ಜನ ಮನೆಯಲ್ಲೇ ಕೂತು ನೋಡಿದರೆ ಟಿಕೆಟ್ ಕೊಳ್ಳುವವರು ಯಾರು? ಕಾಲೇಜು ಕ್ರೀಡೆಗಳ ಒಕ್ಕೂಟವಾದ ಎನ್‌ಸಿಎಎ 1951ರ ಜನವರಿಯಲ್ಲಿ 161–7 ಮತಗಳಿಂದ ಪ್ರಸಾರದ ನಿಯಂತ್ರಣವನ್ನು ಕೈಗೆ ತೆಗೆದುಕೊಂಡಿತು. ಆ ವರ್ಷದ ಯೋಜನೆಯಂತೆ ಒಂದು ಪ್ರದೇಶದಲ್ಲಿ ವಾರಕ್ಕೆ ಒಂದೇ ಪಂದ್ಯ ಬರಬಹುದಿತ್ತು. ಹತ್ತು ಶನಿವಾರಗಳಲ್ಲಿ ಮೂರು ಶನಿವಾರ ಏನೂ ಬರುವಂತಿರಲಿಲ್ಲ. ಒಂದು ತಂಡಕ್ಕೆ ಇಡೀ ಋತುವಿನಲ್ಲಿ ಎರಡೇ ಅವಕಾಶ. ಮೂವತ್ತಕ್ಕೂ ಹೆಚ್ಚು ವರ್ಷ ಹಕ್ಕಿನ ಬೀಗದಕೈ ಒಕ್ಕೂಟದ ಸೊಂಟದಲ್ಲೇ ಇತ್ತು.

ಸಂಸತ್ತೂ ಒಂದು ಬೇಲಿ ಹಾಕಿಕೊಟ್ಟಿತು. 1961ರ ಕ್ರೀಡಾ ಪ್ರಸಾರ ಕಾಯ್ದೆ ವೃತ್ತಿಪರ ಲೀಗ್‌ಗಳಿಗೆ ಒಟ್ಟಾಗಿ ಹಕ್ಕು ಮಾರುವ ಸ್ವಾತಂತ್ರ್ಯ ಕೊಟ್ಟಿತು. ಆದರೆ ಸೆಪ್ಟೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ, ಶುಕ್ರವಾರ ಸಂಜೆ ಮತ್ತು ಶನಿವಾರ, ಕಾಲೇಜು ಪಂದ್ಯ ನಡೆಯುವ ಜಾಗದ 75 ಮೈಲಿಯೊಳಗಿನ ಕೇಂದ್ರಗಳಿಂದ ವೃತ್ತಿಪರ ಪಂದ್ಯ ತೋರಿಸಿದರೆ ಆ ಸ್ವಾತಂತ್ರ್ಯ ಇಲ್ಲವೆಂದಿತು. ಶನಿವಾರ ಇಂದಿಗೂ ಕಾಲೇಜುಗಳ ದಿನವಾಗಿ ಉಳಿದಿರುವುದರ ಹಿಂದೆ ಈ ಕಾಯ್ದೆಯೂ ಇದೆ.

ಈ ನಡುವೆ ಒಕ್ಕೂಟ ತಾನೇ ಹೋಳಾಯಿತು. 1973ರಲ್ಲಿ ಮೂರು ಡಿವಿಷನ್‌ಗಳಾದವು. 1978ರಲ್ಲಿ ಫುಟ್‌ಬಾಲಿಗಾಗಿ ಮೊದಲ ಡಿವಿಷನ್ನೇ ಎರಡಾಯಿತು. 2006ರಿಂದ ಮೇಲಿನದಕ್ಕೆ ಎಫ್‌ಬಿಎಸ್, ಕೆಳಗಿನದಕ್ಕೆ ಎಫ್‌ಸಿಎಸ್ ಎಂದು ಹೆಸರು. ಮೂರನೆಯ ಡಿವಿಷನ್ನಿನಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲ.

ನಾಲ್ಕು ಕೇಂದ್ರಗಳ ಪಂದ್ಯ

ಬೀಗದ ಕಾಲದಲ್ಲಿ ಚಿಕ್ಕವರಿಗೆ ಒಂದು ಅನುಕೂಲವಿತ್ತು. ವಾಹಿನಿ ಕೊಡುವ ಹಣ ನೋಡುಗರ ತಲೆ ಎಣಿಸಿ ಹಂಚುವಂಥದ್ದಾಗಿರಲಿಲ್ಲ. 1981ರ ಒಂದು ಶನಿವಾರ ಒಕ್ಲಹೋಮ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಎದುರಾದವು. ಎರಡೂ ದೇಶದ ಮೊದಲ ಐದರೊಳಗಿನ ತಂಡಗಳು. ಅದೇ ದಿನ ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಎಂಬ ಸಣ್ಣ ತಂಡಗಳ ಪಂದ್ಯವೂ ಇತ್ತು. ಎಬಿಸಿ ವಾಹಿನಿಯ ಇನ್ನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ ನಾಲ್ಕು ಮಾತ್ರ ಈ ಎರಡನೆಯ ಪಂದ್ಯ ತೋರಿಸಿದವು. ಆದರೂ ನಾಲ್ಕು ತಂಡಗಳಿಗೂ ಸಿಕ್ಕಿದ್ದು ಒಂದೇ ಮೊತ್ತ.

ದೊಡ್ಡವರ ಕಣ್ಣು ಕೆಂಪಾಗಲು ಇಷ್ಟು ಸಾಕಿತ್ತು. ಎಬಿಸಿ ಮತ್ತು ಸಿಬಿಎಸ್ ನಾಲ್ಕು ವರ್ಷಕ್ಕೆ ತಲಾ 13.175 ಕೋಟಿ ಡಾಲರ್ ಕೊಡಲು ಎನ್‌ಸಿಎಎ ಜೊತೆ ಒಪ್ಪಿದ್ದವು. ತಮ್ಮ ಆಟವನ್ನು ತಾವೇ ಮಾರಿಕೊಂಡರೆ ಇನ್ನೂ ಹೆಚ್ಚು ಸಿಗುತ್ತದೆಂಬುದು ಒಕ್ಲಹೋಮ, ಜಾರ್ಜಿಯಾ ವಿಶ್ವವಿದ್ಯಾಲಯಗಳ ಲೆಕ್ಕ. ಅವು ನ್ಯಾಯಾಲಯಕ್ಕೆ ಹೋದವು. 1984ರ ಜೂನ್ 27ರಂದು ಸುಪ್ರೀಂ ಕೋರ್ಟ್ 7–2ರ ಬಹುಮತದಲ್ಲಿ, ಎನ್‌ಸಿಎಎ ಯೋಜನೆ ಸ್ಪರ್ಧೆಗೆ ಅಡ್ಡಿ ಮಾಡುತ್ತದೆಂದು ತೀರ್ಪಿತ್ತಿತು. ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಭಿನ್ನಮತ ಬರೆದ ಬೈರನ್ ವೈಟ್ ಕಾಲೇಜು ದಿನಗಳಲ್ಲಿ ಸ್ವತಃ ಹೆಸರಾಂತ ಫುಟ್‌ಬಾಲ್ ಆಟಗಾರ.

ಈ ಜಗಳದ ನಡುವೆಯೇ ಒಂದು ಸ್ವಾರಸ್ಯ ನಡೆಯಿತು. 1982ರಲ್ಲಿ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಆಟಗಾರರು ಮುಷ್ಕರ ಹೂಡಿದರು. ಭಾನುವಾರ ತೋರಿಸಲು ಆಟವಿಲ್ಲದೆ ಸಿಬಿಎಸ್ ಅಕ್ಟೋಬರ್ 3ರಂದು ಮೂರನೆಯ ಡಿವಿಷನ್ನಿನ ಪಂದ್ಯಗಳನ್ನು ಹಾಕಿತು. ಒಹಾಯೊದ ವಿಟನ್‌ಬರ್ಗ್ ಮತ್ತು ಬಾಲ್ಡ್‌ವಿನ್-ವಾಲೇಸ್ ಕಾಲೇಜುಗಳ ಆಟಕ್ಕೆ ವೀಕ್ಷಕವಿವರಣೆ ಕೊಡಲು ಎನ್‌ಎಫ್‌ಎಲ್ ಪಂದ್ಯಗಳ ವಿವರಣೆಕಾರರಾದ ಪ್ಯಾಟ್ ಸಮರಾಲ್, ಜಾನ್ ಮ್ಯಾಡನ್ ಜೋಡಿಯೇ ಬಂದಿತು. ಎನ್‌ಎಫ್‌ಎಲ್ ಮರಳಿದಾಗ ಅವರೂ ತಮ್ಮ ಜಾಗಕ್ಕೆ ಮರಳಿದರು.

1984ರ ನಂತರ ಹಕ್ಕು ಕಾಲೇಜುಗಳಿಗೆ, ಅವುಗಳ ಮೂಲಕ ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಕೂಟಗಳಿಗೆ ಬಂತು. ಕಾಗದದ ಮೇಲೆ ಎಲ್ಲರಿಗೂ ಸ್ವಾತಂತ್ರ್ಯ. ಆದರೆ ಮಾರುವ ಹಕ್ಕು ಸಿಕ್ಕ ಮಾತ್ರಕ್ಕೆ ಕೊಳ್ಳುವವರು ಸಿಗಬೇಕಲ್ಲ? ಒಕ್ಕೂಟದ ಯೋಜನೆ ಮುರಿದಾಗ ಅದರೊಳಗೆ ಸಣ್ಣವರಿಗಿದ್ದ ಪಾಲೂ ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಹಕ್ಕು ಆತಿಥೇಯರದು

ಇಂದಿನ ಸಾಮಾನ್ಯ ಪದ್ಧತಿ ಇದು: ಪಂದ್ಯ ಯಾರ ಮೈದಾನದಲ್ಲೋ ಪ್ರಸಾರ ಹಕ್ಕು ಅವರ ಕಾನ್ಫರೆನ್ಸಿನದು. ಸಣ್ಣ ತಂಡ ದೊಡ್ಡವರ ಊರಿಗೆ ಹೋದರೆ ಅದಕ್ಕೆ ಸಿಗುವುದು ಮೊದಲೇ ಮಾತಾದ ಮೊತ್ತ. 2007ರ ಸೆಪ್ಟೆಂಬರ್ 1ರಂದು, ಹಿಂದೆ ನಾಲ್ಕೇ ಕೇಂದ್ರಗಳಲ್ಲಿ ಕಂಡಿದ್ದ ಅದೇ ಅಪಲಾಚಿಯನ್ ಸ್ಟೇಟ್ 4 ಲಕ್ಷ ಡಾಲರ್‌ಗೆ ಒಪ್ಪಿ ಮಿಷಿಗನ್‌ಗೆ ಹೋಯಿತು, 34–32ರಲ್ಲಿ ಗೆದ್ದು ದೇಶವನ್ನೇ ಬೆರಗಾಗಿಸಿತು. ಪ್ರಸಾರ ಮಾತ್ರ ಮಿಷಿಗನ್ನಿನ ಕಾನ್ಫರೆನ್ಸಿನ ಬಿಗ್ ಟೆನ್ ನೆಟ್‌ವರ್ಕಿನದು. ಅದು ಶುರುವಾಗಿ ಎರಡೇ ದಿನವಾಗಿತ್ತು, ಎಷ್ಟೋ ಮನೆಗಳ ಕೇಬಲ್‌ನಲ್ಲಿ ಇನ್ನೂ ಬರುತ್ತಿರಲಿಲ್ಲ. 2014ರಲ್ಲಿ ಅಪಲಾಚಿಯನ್ ಸ್ಟೇಟ್ ಎಫ್‌ಬಿಎಸ್‌ಗೇ ಏರಿತು.

ಮೆಟ್ಟಿಲು ಏರದೆಯೂ ಟಿ.ವಿ.ಯಲ್ಲಿ ಬೆಲೆ ಗಳಿಸಿದವರಿದ್ದಾರೆ. ಕಪ್ಪು ಜನರ ಚಾರಿತ್ರಿಕ ಕಾಲೇಜುಗಳಾದ ಗ್ರ್ಯಾಂಬ್ಲಿಂಗ್ ಮತ್ತು ಸದರ್ನ್ ನ್ಯೂ ಆರ್ಲಿಯನ್ಸಿನಲ್ಲಿ ಆಡುವ ಬಾಯು ಕ್ಲಾಸಿಕ್ ಪಂದ್ಯವನ್ನು ಎನ್‌ಬಿಸಿ 1991ರಲ್ಲೇ ರಾಷ್ಟ್ರೀಯ ಪರದೆಗೆ ತಂದಿತು. ಬ್ಯಾಂಡ್ ಮೇಳ, ಹಳೆಯ ವಿದ್ಯಾರ್ಥಿಗಳ ಜಾತ್ರೆ, ಪೀಳಿಗೆಗಳ ಹಟ ಎಲ್ಲ ಸೇರಿದ ಆಟವದು. 2015ರಿಂದ ಇಂಥ ಕಾಲೇಜುಗಳ ಎರಡು ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳು ಎಫ್‌ಸಿಎಸ್ ಪ್ಲೇಆಫ್ ಬಿಟ್ಟು ಅಟ್ಲಾಂಟಾದ ಸೆಲೆಬ್ರೇಷನ್ ಬೋಲ್ ಎಂಬ ಪಂದ್ಯ ಆಡುತ್ತಿದ್ದಾರೆ. ಅದು ಎಬಿಸಿಯಲ್ಲಿ ಬರುತ್ತದೆ.

ಎಫ್‌ಬಿಎಸ್ ಬಿಟ್ಟು ಉಳಿದ ಮೆಟ್ಟಿಲುಗಳಲ್ಲಿ ಋತುವಿನ ಕೊನೆಯ ಪ್ಲೇಆಫ್‌ಗಳ ಹಕ್ಕು ಮಾತ್ರ ಈಗಲೂ ಎನ್‌ಸಿಎಎ ಕೈಯಲ್ಲಿದೆ. 2024ರ ಜನವರಿಯಲ್ಲಿ ಕ್ರೀಡಾ ವಾಹಿನಿ ಇಎಸ್‌ಪಿಎನ್ ಎಂಟು ವರ್ಷಕ್ಕೆ 92 ಕೋಟಿ ಡಾಲರ್ ಕೊಟ್ಟು 40 ಚಾಂಪಿಯನ್‌ಷಿಪ್‌ಗಳನ್ನು ಒಟ್ಟಿಗೆ ಕೊಂಡಿತು. ಎಫ್‌ಸಿಎಸ್ ಫುಟ್‌ಬಾಲ್ ಅದರಲ್ಲೊಂದು. ವರ್ಷಕ್ಕೆ ಬೀಳುವ ಸುಮಾರು 11.5 ಕೋಟಿಯಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಒಂದರ ಬೆಲೆಯೇ ಸುಮಾರು 6.5 ಕೋಟಿಯೆಂದು ಎನ್‌ಸಿಎಎ ಅಂದಾಜು. ಉಳಿದ 39 ಚಾಂಪಿಯನ್‌ಷಿಪ್‌ಗಳು ಮಿಕ್ಕ ಹಣದಲ್ಲಿ ಅಡಕವಾಗಬೇಕು. ಅಂದರೆ ಇಲ್ಲೂ ಕೊಸರೇ.

ದುಡ್ಡು ಬರುವ ಬದಲು

2018ರ ಏಪ್ರಿಲ್‌ನಲ್ಲಿ ಚಂದಾ ಕಟ್ಟಿ ಆನ್‌ಲೈನ್‌ನಲ್ಲಿ ನೋಡುವ ಇಎಸ್‌ಪಿಎನ್ ಪ್ಲಸ್ ಶುರುವಾಯಿತು. ಎಫ್‌ಸಿಎಸ್‌ನ ಬಹುತೇಕ ಕಾನ್ಫರೆನ್ಸ್‌ಗಳು ಒಂದೊಂದಾಗಿ ಅಲ್ಲಿಗೆ ಸೇರಿದವು. ಚಂದಾ ಎತ್ತುವ ಕಂಪನಿಗೆ ಋತುವಿಡೀ ನೂರಾರು ಪಂದ್ಯಗಳ ಸರಕು ಬೇಕು, ಕಾಲೇಜುಗಳಿಗೆ ಎಲ್ಲ ಪಂದ್ಯಗಳೂ ಒಂದೇ ಕಡೆ ಸಿಗಬೇಕು. ಆದರೆ ಇಲ್ಲಿ ಹೆಚ್ಚಿನ ಪಂದ್ಯಗಳನ್ನು ಚಿತ್ರೀಕರಿಸುವುದು ಕಂಪನಿಯಲ್ಲ, ಕಾಲೇಜು. ಕ್ಯಾಮೆರಾ, ಕಂಟ್ರೋಲ್ ರೂಮ್, ರೀಪ್ಲೇ ಯಂತ್ರ, ವಿವರಣೆಕಾರ ಎಲ್ಲವನ್ನೂ ಅದೇ ಹೊಂದಿಸಿಕೊಳ್ಳಬೇಕು. ಕ್ಯಾಮೆರಾ ಹಿಂದೆ ನಿಲ್ಲುವವರು ಎಷ್ಟೋ ಕಡೆ ವಿದ್ಯಾರ್ಥಿಗಳೇ. ಹಕ್ಕು ಎಂದರೆ ಆದಾಯ ಎಂಬ ಅರ್ಥ ಕೆಳಗಿನ ಮೆಟ್ಟಿಲುಗಳಲ್ಲಿ ತಿರುಗಿ ನಿಂತಿದೆ. ಕಾಣಿಸಿಕೊಳ್ಳಬೇಕೆಂದರೆ ಕೈಯಿಂದ ಹಾಕಬೇಕು.

ಎರಡು, ಮೂರನೆಯ ಡಿವಿಷನ್‌ಗಳಲ್ಲಿ ಕೆಲವು ಕಾನ್ಫರೆನ್ಸ್‌ಗಳು ತಮ್ಮದೇ ಆನ್‌ಲೈನ್ ವಾಹಿನಿ ನಡೆಸುತ್ತವೆ. ಕೆಲವು ಫ್ಲೋಸ್ಪೋರ್ಟ್ಸ್‌ನಂಥ ಚಂದಾ ಕಂಪನಿಗಳ ಜೊತೆ ಕೈಜೋಡಿಸಿವೆ. ಆಗ ನಿನ್ನೆಯವರೆಗೆ ಬಿಟ್ಟಿಯಾಗಿ ಕಾಣುತ್ತಿದ್ದ ಮಗನ ಆಟಕ್ಕೆ ತಿಂಗಳ ಚಂದಾ ಏಕೆಂದು ಅಪ್ಪ ಅಮ್ಮಂದಿರು ಗೊಣಗುತ್ತಾರೆ. ಆ ಗೊಣಗಾಟದಲ್ಲೇ ಈ ಮಾರುಕಟ್ಟೆಯ ಗುಟ್ಟಿದೆ. ಲಕ್ಷಾಂತರ ಅಪರಿಚಿತರು ಇಲ್ಲಿ ಗಿರಾಕಿಗಳಲ್ಲ. ಆಟಗಾರನ ಮನೆಯವರು, ಹಳೆಯ ವಿದ್ಯಾರ್ಥಿಗಳು, ಮುಂದಿನ ವರ್ಷ ಸೇರಲಿರುವ ಹುಡುಗರು, ಇಷ್ಟೇ ಮಂದಿ. ಅದಕ್ಕೇ ಕಾಲೇಜುಗಳು ಈ ಖರ್ಚನ್ನು ಪ್ರವೇಶಾತಿಯ ಪ್ರಚಾರದ ಲೆಕ್ಕಕ್ಕೂ ಸೇರಿಸಿ ನೋಡುತ್ತವೆ.

1939ರಲ್ಲಿ ವೇನ್ಸ್‌ಬರ್ಗಿನ ಆಟ ನ್ಯೂಯಾರ್ಕಿನ ಅಪರಿಚಿತರಿಗೆ ಕಂಡಿತು, ಊರಿನವರಿಗೆ ಕಾಣಲಿಲ್ಲ. ಇಂದು ಸಣ್ಣ ಕಾಲೇಜಿನ ಆಟ ಅಪರಿಚಿತರಿಗೆ ಬೇಕಿಲ್ಲ, ಊರಿನವರು ಎಲ್ಲಿದ್ದರೂ ಅವರಿಗೆ ಕಾಣುತ್ತದೆ. ವಾಹಿನಿಗಳ ತಕ್ಕಡಿಯಲ್ಲಿ ಅದಕ್ಕೆ ತೂಕವಿಲ್ಲ. ಚಂದಾ ಕಟ್ಟಿ ಗೊಣಗುತ್ತಲೇ ಶನಿವಾರ ಮಧ್ಯಾಹ್ನ ಮೊಬೈಲ್ ಹಿಡಿದು ಕೂರುವ ತಾಯಿಗೆ ಮಾತ್ರ ಅದು ಕೊಸರಲ್ಲ.