ಅವಸರವಿಲ್ಲದ ಊರಿನ ಋಣ

ಧಾರವಾಡ ಎಂದೊಡನೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಪೇಡೆ. ಸ್ವಲ್ಪ ಓದಿದವರಿಗೆ ಬೇಂದ್ರೆಯವರು. ಸಂಗೀತ ಬಲ್ಲವರಿಗೆ ಮಲ್ಲಿಕಾರ್ಜುನ ಮನಸೂರರು. ಆದರೆ ಕರಾವಳಿಯ ಒಬ್ಬ ಶಾಲಾ ಶಿಕ್ಷಕನಿಗೆ ಆ ಊರಿನೊಡನೆ ಬೇರೆಯೇ ಒಂದು ಸಂಬಂಧವಿದೆ ಎಂಬುದು ನನಗೆ ಮನದಟ್ಟಾದದ್ದು ತೊಂಬತ್ತರ ದಶಕದಲ್ಲಿ, ಇತಿಹಾಸ ಶಿಕ್ಷಕರ ತರಬೇತಿಯೊಂದಕ್ಕೆಂದು ಅಲ್ಲಿಗೆ ಹೋದಾಗ. ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಅಲ್ಲಿಂದ ಫೋನ್ ಮಾಡಿ, "ಸರ್, ಇಲ್ಲಿ ಏನೂ ನಡೆಯುವುದೇ ಇಲ್ಲ, ಊರೇ ನಿದ್ದೆ ಮಾಡುತ್ತಿದೆ" ಎಂದ. ಅವನಿಗೆ ಉತ್ತರವಾಗಿ ಈ ಬರಹ.

ನಾವು ನಾಲ್ವರು ಸಹೋದ್ಯೋಗಿಗಳು ದಸರಾ ರಜೆಯನ್ನು ಕಳೆದುಕೊಂಡ ಬೇಸರದಲ್ಲೇ ಹೊರಟಿದ್ದೆವು. ಆಗ ಕೊಂಕಣ ರೈಲು ಇರಲಿಲ್ಲ. ವಾಮದಪದವಿನಿಂದ ಮೂಡುಬಿದಿರೆ, ಕಾರ್ಕಳ, ಉಡುಪಿ. ಅಲ್ಲಿಂದ ರಾತ್ರಿಯ ಬಸ್ಸಿನಲ್ಲಿ ಅಂಕೋಲೆಯ ತನಕ ಕಡಲ ಬದಿ, ಬಳಿಕ ಯಲ್ಲಾಪುರದ ಘಾಟಿ. ಬೆಳಗಾಗುವಾಗ ಕಣ್ಣೆದುರು ಕಪ್ಪು ಮಣ್ಣಿನ ಬಯಲು. ತೆಂಗು ಕಂಗುಗಳ ನಡುವೆಯೇ ಬೆಳೆದ ನಮಗೆ ಅಷ್ಟು ದೊಡ್ಡ ಆಕಾಶ ಕಂಡದ್ದೇ ಒಂದು ವಿಸ್ಮಯ.

ಧಾರವಾಡ ನಿಜಕ್ಕೂ ನಿಧಾನದ ಊರು. ತರಬೇತಿ ಹತ್ತು ಗಂಟೆಗೆ ಎಂದಿದ್ದರೆ ಹತ್ತೂವರೆಗೆ ಆರಂಭ. ಮಧ್ಯಾಹ್ನ ಅಂಗಡಿಗಳು ಬಾಗಿಲೆಳೆದುಕೊಳ್ಳುತ್ತಿದ್ದವು. ಮಳೆಯೂ ಅಲ್ಲಿ ನಮ್ಮ ಊರಿನಂತೆ ಕೊಡದಲ್ಲಿ ಸುರಿಯದು, ಜಿಟಿಜಿಟಿ ಎಂದು ಹನಿಯುತ್ತದೆ. ನಾವು ಸಮಯ ಕೇಳಿ ಚಡಪಡಿಸಿದಾಗಲೆಲ್ಲ ಅಲ್ಲಿನ ಶಿಕ್ಷಕರು, "ಯಾಕ್ರೀ ಸರ, ಏನ್ ಅವಸರ ಐತಿ? ಚಾ ಕುಡೀರಿ" ಎನ್ನುತ್ತಿದ್ದರು. ಕುಚ್ಚಲಕ್ಕಿ ಗಂಜಿ ಇಲ್ಲದೆ ಬಡವಾದ ನಮ್ಮ ಗಣಿತದ ಮಾಷ್ಟ್ರು ಮೂರನೆಯ ದಿನಕ್ಕೆ ಜೋಳದ ರೊಟ್ಟಿಗೆ ಶರಣಾದರು ಎಂಬುದನ್ನೂ ಇಲ್ಲಿ ದಾಖಲಿಸಬೇಕು!

ಒಂದು ಸಂಜೆ ಚಹಾದ ಜೊತೆ ಮಾತು ಶಾಲೆಯ ಕಡೆಗೆ ಹೊರಳಿತು. ನಮ್ಮಲ್ಲಿ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತನಾಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತವೆ ಎಂದು ನಾನು ಹೇಳಿದೆ. ಅಲ್ಲಿನ ಹಿರಿಯ ಶಿಕ್ಷಕರೊಬ್ಬರು ನಕ್ಕು, "ನಮ್ಮ ಅಜ್ಜಂದಿರದು ಇದರ ಉಲ್ಟಾ ನೋಡ್ರಿ. ಮನಿಯಾಗ ಕನ್ನಡ, ಸಾಲ್ಯಾಗ ಮರಾಠಿ" ಎಂದರು. ಬಿ.ಎಡ್. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸಂಗತಿಗೆ ಅಂದು ಜೀವ ಬಂತು.

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ಧಾರವಾಡ ಸೀಮೆ ಕಂಪೆನಿಯ ಕೈಸೇರಿ ಮುಂಬಯಿ ಪ್ರಾಂತಕ್ಕೆ ಒಳಪಟ್ಟಿತು. ಕಚೇರಿಯ ಬರಹ ಮೊದಲೇ ಮರಾಠಿಯಲ್ಲಿತ್ತು. ಸರಕಾರ ತೆರೆದ ಶಾಲೆಗಳೂ ಹೆಚ್ಚಾಗಿ ಆ ಭಾಷೆಯನ್ನೇ ಹಿಡಿದವು. ಜನರ ಮಾತು ಕನ್ನಡ. ಆದರೆ ಗುಮಾಸ್ತನಾಗಬೇಕಾದರೆ, ಕಾಗದ ಓದಬೇಕಾದರೆ ಮರಾಠಿ. ಕನ್ನಡ ಓದಿದರೆ ಹೊಟ್ಟೆಗೇನು ಎಂದು ಆಗಿನ ತಂದೆಯಂದಿರೂ ಕೇಳಿರಲಾರರೇ? ಇಂದು ನಮ್ಮ ಊರುಗಳಲ್ಲಿ ಕೇಳಿಬರುವ ಪ್ರಶ್ನೆಯೂ ಅದುವೇ, ಮರಾಠಿಯ ಜಾಗದಲ್ಲಿ ಇಂಗ್ಲಿಷ್ ಬಂದಿದೆ, ಅಷ್ಟೆ.

ಈ ಸ್ಥಿತಿಯನ್ನು ಬದಲಿಸಿದವರು ಯಾರು? ರಾಜರಲ್ಲ, ಸೇನಾಪತಿಗಳೂ ಅಲ್ಲ. ಶಿಕ್ಷಣ ಇಲಾಖೆಯ ನೌಕರರು! ಅವರಲ್ಲಿ ಮುಖ್ಯರು ಡೆಪ್ಯುಟಿ ಚೆನ್ನಬಸಪ್ಪನವರು (1834–1881). ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ, ಎಂದರೆ ಶಿಕ್ಷಕರನ್ನು ತಯಾರಿಸುವ ಶಾಲೆಯಲ್ಲಿ, ಕೆಲಸ ಮಾಡಿ ಬಳಿಕ ಶಾಲಾ ಇನ್‌ಸ್ಪೆಕ್ಟರರಾದವರು. 'ಡೆಪ್ಯುಟಿ' ಎಂಬ ಹುದ್ದೆಯ ಹೆಸರೇ ಅವರ ಹೆಸರಿನ ಭಾಗವಾಗಿ ಹೋಯಿತು. ಕನ್ನಡ ಶಾಲೆಗಳನ್ನು ತೆರೆಯಿಸಿದರು. ಕಲಿಸಲು ಪುಸ್ತಕವಿಲ್ಲವೆಂದಾಗ ಬರೆದರು, ಬರೆಯಿಸಿದರು. ಷೇಕ್ಸ್‌ಪಿಯರನ ನಾಟಕವನ್ನು ಕನ್ನಡದ ಕಥೆಯಾಗಿಸಿದರು. ಅವರ ಕಾಲದ ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ ಇವರೂ ಶಾಲೆಯೊಡನೆ ಸಂಬಂಧವಿದ್ದವರೇ. ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿ ಇವರ ಬೆನ್ನಿಗೆ ನಿಂತದ್ದನ್ನೂ ಹೇಳಬೇಕು. ಸವಾರಿ ಹೋಗುವುದು, ಶಾಲೆ ನೋಡುವುದು, ವರದಿ ಬರೆಯುವುದು... ನಾವು ಗೊಣಗುತ್ತ ಮಾಡುವ ಕೆಲಸಗಳಿಂದಲೇ ಅವರು ಒಂದು ಭಾಷೆಯನ್ನು ಶಾಲೆಯ ಒಳಗೆ ಕರೆತಂದರು. ಇತಿಹಾಸದ ಪಠ್ಯದಲ್ಲಿ ಯುದ್ಧಗಳಿಗೆ ಪುಟಗಟ್ಟಲೆ ಜಾಗವಿದೆ, ಇವರಿಗೆ ಒಂದು ಸಾಲು. ಇದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ.

ಯುದ್ಧದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಧಾರವಾಡದಿಂದ ಸುಮಾರು 30 ಕಿ.ಮೀ. ದೂರದಲ್ಲಿ ಕಿತ್ತೂರು ಇದೆ. 1824ರ ಅಕ್ಟೋಬರ್ 23ರಂದು ಅಲ್ಲಿ ಮಡಿದ ಕಲೆಕ್ಟರ್ ಥ್ಯಾಕರೆಯ ಸಮಾಧಿ ಧಾರವಾಡದಲ್ಲಿದೆ. ಅಂದು ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಅವನು ದ್ವೇಷ ಸಾಧಿಸಲಿಲ್ಲ. ಸೀಮೆಯ ಶಾಸನಗಳನ್ನು ಪ್ರತಿ ಮಾಡಿಸತೊಡಗಿದ. ಹಾಗೆ ಒಟ್ಟುಗೂಡಿದವು 595. ಮುಂದೆ ಜೆ.ಎಫ್. ಫ್ಲೀಟ್ ಬಂದ. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಬರೆದ ಈತ ಮೊದಲು ಶಾಲಾ ಇನ್‌ಸ್ಪೆಕ್ಟರನೇ ಆಗಿದ್ದ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬರೆದುಕೊಂಡ. ರಾಯಣ್ಣನನ್ನು ಗಲ್ಲಿಗೇರಿಸಿದ ಸರಕಾರದ ನೌಕರನೇ ಅವನ ಹಾಡನ್ನು ಉಳಿಸಿದ ಎಂದು ಹೇಳಿದಾಗ ತರಗತಿಯ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಿದ್ದಿರಿ, ನೆನಪಿದೆಯೇ?

ನಮ್ಮ ಕರಾವಳಿಗೂ ಈ ಕಥೆಗೂ ಏನು ನಂಟು? ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡದಲ್ಲಿ ನೆಲೆ ಹೂಡಿದರು. ಅವರ ಉದ್ದೇಶ ಮತಪ್ರಚಾರವೇ, ಅದನ್ನು ಮರೆಮಾಚಬೇಕಿಲ್ಲ. ಆದರೆ 1843ರ 'ಮಂಗಳೂರ ಸಮಾಚಾರ'ದಿಂದ 1894ರ ಕಿಟೆಲ್ ನಿಘಂಟಿನವರೆಗೆ ಕನ್ನಡಕ್ಕೆ ಅವರಿಂದ ಸಂದದ್ದು ಸಣ್ಣದಲ್ಲ. ಕಿಟೆಲ್ ಎರಡೂ ಕಡೆ ಬಾಳಿದವನು. ಹೀಗೆ ಮಿಶನಿನವರಿಗೆ ಒಂದೇ ಆಗಿದ್ದ ನಾಡು ಸರಕಾರಕ್ಕೆ ಹರಿದು ಹಂಚಿದ್ದು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿ ನಮ್ಮನ್ನು ಮದರಾಸಿನಲ್ಲೇ ಉಳಿಸಿದರು. ಬಂಟ್ವಾಳದ ರೈತನ ಅರ್ಜಿ ಮದರಾಸಿಗೆ, ಅಂಕೋಲೆಯವನದು ಮುಂಬಯಿಗೆ!

ಇದು ಒಂದಾಗಬೇಕೆಂಬ ಮಾತು ಗಟ್ಟಿಯಾದದ್ದೂ ಆ ನಿದ್ದೆಯ ಊರಿನಲ್ಲೇ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ನೇತೃತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' ಬಂದದ್ದು 1917ರಲ್ಲಿ. ಕರ್ನಾಟಕ ಕಾಲೇಜು ತೆರೆದದ್ದೂ ಅದೇ ವರ್ಷ. ಸಂಘ ಸ್ಥಾಪನೆಯಿಂದ 1956ರ ನವೆಂಬರ್ 1ಕ್ಕೆ ಲೆಕ್ಕ ಹಾಕಿದರೆ ಅರುವತ್ತಾರು ವರ್ಷ. ಆರಂಭಿಸಿದವರಲ್ಲಿ ಹೆಚ್ಚಿನವರು ಫಲವನ್ನು ನೋಡಲಿಲ್ಲ. ಆಲೂರರು ನೋಡಿದರು.

ಸಂಘದ ಕಟ್ಟಡವನ್ನು ನೋಡಿ ಬರುವ ದಾರಿಯಲ್ಲಿ ಆ ಹಿರಿಯ ಶಿಕ್ಷಕರು ಮತ್ತೊಂದು ಪ್ರಶ್ನೆ ಹಾಕಿದರು: "ಹಂಗಾರ ನಿಮ್ಮ ತುಳುವಿಗೆ ಸಾಲಿ ಯಾವಾಗ್ರಿ?" ನಮ್ಮ ನಾಲ್ವರಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಕನ್ನಡದ ಮಕ್ಕಳಿಗೆ ಮರಾಠಿ ಶಾಲೆ ಅನ್ಯಾಯವಾದರೆ, ತುಳುವಿನ ಮಕ್ಕಳಿಗೆ ಕನ್ನಡ ಶಾಲೆ? ಎರಡೂ ಒಂದೇ ಎಂದು ನಾನು ಹೇಳಲಾರೆ. ತುಳುನಾಡಿನ ಬಹುಪಾಲು ಹಳೆಯ ಶಾಸನಗಳು ಕನ್ನಡದಲ್ಲಿವೆ. ಮೂಡುಬಿದಿರೆಯ ರತ್ನಾಕರವರ್ಣಿ ಬರೆದದ್ದು ಕನ್ನಡದಲ್ಲಿ. ಶತಮಾನಗಳಿಂದ ನಾವು ಮನೆಗೆ ಒಂದು, ಬರಹಕ್ಕೆ ಒಂದು ಎಂದು ಒಪ್ಪಿಕೊಂಡೇ ಬಂದವರು. ಆದರೂ ಆ ಪ್ರಶ್ನೆ ಮುಳ್ಳಿನಂತೆ ಉಳಿಯಿತು. ನಮ್ಮ ಜಿಲ್ಲೆಯ ಕೆಲವು ಶಾಲೆಗಳಲ್ಲಿ ತುಳುವನ್ನು ಐಚ್ಛಿಕ ತೃತೀಯ ಭಾಷೆಯಾಗಿ ಕಲಿಯುವ ಅವಕಾಶ ಬಂದದ್ದು ತೀರ ಈಚೆಗೆ, ಈ ಶತಮಾನದ ಎರಡನೆಯ ದಶಕದಲ್ಲಿ. ಅಷ್ಟರಲ್ಲಿ ಸುತ್ತಲಿನ ಕನ್ನಡ ಶಾಲೆಗಳಲ್ಲೇ ಮಕ್ಕಳು ಕಡಿಮೆಯಾಗತೊಡಗಿದ್ದರು.

ತರಬೇತಿಯ ಬಗ್ಗೆ ಹೇಳುವಂತಹದು ಹೆಚ್ಚಿಲ್ಲ. ನಕಾಶೆ ಬರೆದೆವು, ಪಾಠಯೋಜನೆ ಬರೆದೆವು, ಪ್ರಮಾಣಪತ್ರ ಪಡೆದೆವು.

ನನಗೆ ದೊರೆತ ನಿಜವಾದ ಲಾಭ ಒಂದು ಪುಸ್ತಕ. ಗುಡ್ಡದ ಮೇಲಿರುವ ಕರ್ನಾಟಕ ವಿಶ್ವವಿದ್ಯಾಲಯವನ್ನು ನೋಡಲು ಹೋದಾಗ ಅಲ್ಲಿನ ಪ್ರಕಟಣೆಗಳ ನಡುವೆ ಕೆ.ವಿ. ರಮೇಶರು ಇಂಗ್ಲಿಷಿನಲ್ಲಿ ಬರೆದ ದಕ್ಷಿಣ ಕನ್ನಡದ ಇತಿಹಾಸ ಕಣ್ಣಿಗೆ ಬಿತ್ತು. 1970ರ ಪ್ರಕಟಣೆ. ಆಳುಪರಿಂದ ವಿಜಯನಗರದ ಪತನದವರೆಗೆ ನಮ್ಮದೇ ಜಿಲ್ಲೆಯ ಕಥೆ, ಶಾಸನಗಳ ಆಧಾರದಲ್ಲಿ. ಗಣಪತಿರಾವ್ ಐಗಳ್ ಅವರ 1923ರ ಕನ್ನಡ ಪುಸ್ತಕವನ್ನು ನಾನು ಓದಿದ್ದೆ. ಗುರುರಾಜ ಭಟ್ಟರ 1975ರ ಬೃಹದ್ಗ್ರಂಥದ ಹೆಸರು ಕೇಳಿದ್ದೆ. ಆದರೆ ನೇತ್ರಾವತಿಯ ದಡದ ಇತಿಹಾಸವನ್ನು ಘಾಟಿಯ ಆಚೆಯ ಧಾರವಾಡ ಅಚ್ಚು ಹಾಕಿಸಿತ್ತು ಎಂದು ತಿಳಿದಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಬಂಗ, ಚೌಟ, ಅಜಿಲ ಅರಸರ ಬಗ್ಗೆ ನಾನು ನಿಮಗೆ ಪಾಠದಾಚೆಗೆ ಹೇಳಿದ್ದಕ್ಕೆಲ್ಲ ಪ್ರೇರಣೆ ಅಂದು ತಿರುವಿದ ಆ ಪುಟಗಳು.

ಆ ಊರಿನ ಶಾಂತಿಯನ್ನು ಹೊಗಳುವಾಗ ಒಂದು ದಿನಾಂಕ ನನ್ನನ್ನು ತಡೆಯುತ್ತದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಶಾಸನ, ವಚನಗಳ ವಿದ್ವಾಂಸ ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಎಲಿಯಟ್, ಫ್ಲೀಟ್ ಆರಂಭಿಸಿದ ಶಾಸನಗಳ ಓದನ್ನು ಕನ್ನಡದಲ್ಲೇ ಮುಂದುವರಿಸಿದವರು ಅವರು. ಬಾಗಿಲು ತಟ್ಟಿದವರನ್ನು ಒಳಗೆ ಕರೆದು ಚಹಾ ಕೊಡುವ ಊರು ಅದು. ಟಿ.ವಿ.ಯಲ್ಲಿ ಸುದ್ದಿ ಕಂಡ ದಿನ ನಾನು ಮನೆಯಲ್ಲಿ ಯಾರೊಡನೆಯೂ ಮಾತನಾಡಲಿಲ್ಲ.

ಫೋನ್ ಮಾಡಿದ ಹುಡುಗನಿಗೆ ಇಷ್ಟು: ಭಾನುವಾರ ಬಿಡುವಿದ್ದರೆ ಸುಭಾಸ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆಯ ಅಟ್ಟವನ್ನು ನೋಡು. 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಪ್ರಕಾಶನ ಅದು. ಕಾರ್ನಾಡರ 'ಯಯಾತಿ' ಹೊರಬಂದದ್ದು ಅಲ್ಲಿಂದಲೇ. ವಿದ್ಯಾವರ್ಧಕ ಸಂಘಕ್ಕೂ ಹೋಗು. ಬರುವಾಗ ಪೇಡೆ ತರಲು ಮರೆಯಬೇಡ. ಸಕ್ಕರೆ ಕಾಯಿಲೆ ನನಗೆ, ನಿಮ್ಮ ಅಕ್ಕನಿಗಲ್ಲ.